ಬತ್ತಿದ ಪ್ರಾರ್ಥನೆ, ಮೂರು ನಿಮಿಷದ ಸಾಕ್ಷಿ

ಮೇ 24, 2023, ಬುಧವಾರ

ಬರುವ ಭಾನುವಾರ ಪಂಚಾಶತ್ತಮ ದಿನದ ಹಬ್ಬ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ದಿನ. ಸಭೆಗಳಲ್ಲಿ ಉಜ್ಜೀವನದ, ಅಂದರೆ ನಂಬಿಕೆ ಮತ್ತೆ ಚಿಗುರುವ ಮಾತು ಜೋರಾಗಿ ಕೇಳುವ ವಾರ. ಇವತ್ತಿನ ತಾರೀಖಿಗೂ ಆ ಮಾತಿಗೂ ನಂಟಿದೆ. 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ಮೆಥಡಿಸ್ಟ್ ಪಂಥಕ್ಕೆ ಮುಂದೆ ನಾಂದಿ ಹಾಡಿದ ಜಾನ್ ವೆಸ್ಲಿಯ ಹೃದಯ ನಂಬಿಕೆಯಿಂದ ಬೆಚ್ಚಗಾಯಿತು. ಬೈಬಲ್ಲಿನ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಹೊತ್ತು ಒಂಬತ್ತಕ್ಕೆ ಕಾಲು ಗಂಟೆ ಕಡಿಮೆ.

ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ವೆಸ್ಲಿಯ ದಿನಚರಿ ನಿಲ್ಲುವುದಿಲ್ಲ. ಅವರು ಆ ಕೂಟಕ್ಕೆ ಹೋದದ್ದೇ ಒಲ್ಲದ ಮನಸ್ಸಿನಿಂದ. ಪಾದ್ರಿಯಾಗಿ ಆಗಲೇ ಸುಮಾರು ಹತ್ತು ವರ್ಷವಾಗಿತ್ತು. ತಮಗೆ ಅನಿಸಿದ್ದನ್ನು ಅಲ್ಲಿದ್ದವರ ಮುಂದೆ ಆಗಲೇ ಹೇಳಿದರು. ಸ್ವಲ್ಪ ಹೊತ್ತಿಗೇ, ಇದು ನಂಬಿಕೆಯಾಗಿದ್ದರೆ ಸಂತೋಷ ಎಲ್ಲಿ ಎಂಬ ಸಂಶಯ ಎದ್ದಿತು. ಮನೆಗೆ ಬಂದ ಮೇಲೆ ಶೋಧನೆಗಳು, ಅಂದರೆ ಪಾಪದ ಸೆಳೆತಗಳು ಮುತ್ತಿದವು, ಮೊರೆಯಿಟ್ಟಾಗ ಹೋದವು, ಮತ್ತೆ ಮತ್ತೆ ಬಂದವು. ಕೂಟದಲ್ಲಿ ಕಣ್ಣೀರು ಬಂತು, ಸೋಮವಾರಕ್ಕೆ ಎಲ್ಲ ಆರಿಹೋಯಿತು ಎಂದು ಹೆದರುವವರು ಓದಬೇಕಾದದ್ದು ಈ ಭಾಗವನ್ನು.

ಪ್ರಾರ್ಥನೆ ಬತ್ತಿದಾಗ ಮೊದಲು ಕಾರಣ ನೋಡಬೇಕು. ಎಲ್ಲಕ್ಕೂ 'ಇನ್ನಷ್ಟು ಉಪವಾಸ ಮಾಡಿ' ಎನ್ನುವುದು ಕೆಟ್ಟ ಸಲಹೆ. ಬೈಬಲ್ಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವನ್ನೇ ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದಾನೆ. ದೂತನು ತಂದದ್ದು ಉಪದೇಶವಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ, ಎದ್ದು ಮತ್ತೆ ತಿಂದ, ಆಮೇಲೆ ಹೋರೇಬ್ ಬೆಟ್ಟಕ್ಕೆ ನಲವತ್ತು ದಿನದ ದಾರಿ. ನಿದ್ದೆಗೆಟ್ಟವರಿಗೆ ಮೊದಲು ನಿದ್ದೆ ಬೇಕು. ವಾರಗಟ್ಟಲೆ ಊಟ, ನಿದ್ದೆ, ಕೆಲಸ ಯಾವುದೂ ಸೇರದೆ, ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಅದು ಅವಿಶ್ವಾಸವಲ್ಲ.

ಇನ್ನೊಂದು ಕಾರಣ ಮುಚ್ಚಿಟ್ಟ ಪಾಪ. ಕೀರ್ತನೆ 32ರಲ್ಲಿ, ಅರಿಕೆ ಮಾಡದೆ ಸುಮ್ಮನಿದ್ದಾಗ ಎಲುಬುಗಳೇ ಸವೆದವು ಎಂಬ ಮಾತಿದೆ. 'ಕರ್ತನೇ, ನನ್ನ ತಪ್ಪುಗಳನ್ನೆಲ್ಲ ಕ್ಷಮಿಸು' ಎಂಬ ಸಗಟು ಪ್ರಾರ್ಥನೆಯಿಂದ ಇದು ಬಿಡುವುದಿಲ್ಲ. ಯಾರಿಗೆ ಏನು ಸುಳ್ಳು ಹೇಳಿದೆ, ಯಾರ ಹಣ ಇಟ್ಟುಕೊಂಡೆ ಎಂದು ಹೆಸರು ಹಿಡಿದು ಹೇಳಬೇಕು; ಹಿಂದಿರುಗಿಸಬೇಕಾದದ್ದನ್ನು ಹಿಂದಿರುಗಿಸಬೇಕು. ಸುಂಕದವನಾದ ಜಕ್ಕಾಯ ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಲೆಕ್ಕ ಹೇಳಿದ್ದನ್ನು ಸುವಾರ್ತೆಗಾರ ಲೂಕ ಸುಮ್ಮನೆ ಬರೆದಿಟ್ಟಿಲ್ಲ.

ಓದಿನ ವಿಷಯ. ಹೊಸ ಹುರುಪಿನಲ್ಲಿ ಆದಿಕಾಂಡದಿಂದ ಹಿಡಿದು ವರ್ಷಕ್ಕೆ ಇಡೀ ಬೈಬಲ್ ಎಂದು ಹೊರಡುತ್ತಾರೆ. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು. ವಿಮೋಚನಕಾಂಡದ ಗುಡಾರದ ಅಳತೆಗಳಲ್ಲಿ ನಡಿಗೆ ನಿಧಾನವಾಗುತ್ತದೆ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಾಲ್ಕು ದಿನದ ಬಾಕಿ ಬಿದ್ದಿರುತ್ತದೆ, ಅಲ್ಲಿಗೆ ಪುಸ್ತಕ ಮುಚ್ಚುತ್ತದೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ, ದಿನಕ್ಕೆ ಹತ್ತು ಹದಿನೈದು ವಚನ ಸಾಕು. ಅದನ್ನೇ ಬಾಯಿಬಿಟ್ಟು ಎರಡು ಸಲ ಓದಿ. ಎರಡನೇ ಸಲ ತಡೆದು ನಿಲ್ಲಿಸಿದ ಒಂದು ಸಾಲನ್ನು ಕೈಯಲ್ಲಿ ಬರೆದುಕೊಳ್ಳಿ, ಅದನ್ನೇ ಪ್ರಾರ್ಥನೆಯಾಗಿ ತಿರುಗಿಸಿ, ಆಮೇಲೆ ಎರಡು ನಿಮಿಷ ಏನೂ ಕೇಳದೆ ಕೂತಿರಿ. ಎಲ್ಲ ಸೇರಿ ಇಪ್ಪತ್ತು ನಿಮಿಷ, ಫೋನು ಬೇರೆ ಕೋಣೆಯಲ್ಲಿ. ಒಂದು ದಿನ ತಪ್ಪಿದರೆ ಬಾಕಿ ತೀರಿಸಲು ಹೋಗದೆ ನಿಂತಲ್ಲಿಂದಲೇ ಮುಂದುವರಿಸಿ.

ಮಾತೇ ಹೊರಡದಿದ್ದರೆ ಕೀರ್ತನೆ 13. ಆರೇ ವಚನ: 'ಎಷ್ಟರವರೆಗೆ' ಎಂಬ ದೂರಿನಿಂದ ಶುರುವಾಗಿ ಹಾಡಿಗೆ ಬಂದು ಮುಟ್ಟುತ್ತದೆ. ಹಾಡೂ ಬರದಿದ್ದರೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ.

ಒಬ್ಬರೇ ಮಾಡಿದರೆ ಇದು ಹೆಚ್ಚು ದಿನ ನಿಲ್ಲದು. ವೆಸ್ಲಿಯ ಜನ 1742ರಿಂದ ಸುಮಾರು ಹನ್ನೆರಡು ಮಂದಿಯ ಗುಂಪುಗಳಾಗಿ ವಾರಕ್ಕೊಮ್ಮೆ ಸೇರುತ್ತಿದ್ದರು. ಮನಬಿಚ್ಚಿ ಮಾತಾಡಲು ಮೂವರು ಇನ್ನೂ ಒಳ್ಳೆಯದು. ಅಲ್ಲಿ ಹೇಳಿದ್ದು 'ಪ್ರಾರ್ಥನಾ ವಿಷಯ'ದ ನೆಪದಲ್ಲಿ ಹೊರಗೆ ಹೋದರೆ ಆ ಗುಂಪು ಮುಗಿದ ಹಾಗೆ.

ಇನ್ನು ಸಾಕ್ಷಿ, ಅಂದರೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಬೇರೆಯವರಿಗೆ ಹೇಳುವುದು. ನಂಬಿಕೆ ಗಟ್ಟಿಯಾದ ಮೇಲೆ ಹೇಳಿದರಾಯಿತು ಎನ್ನುವವರಿಗೆ ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಸ್ತ್ರೀಯೇ ಉತ್ತರ. ಕೊಡವನ್ನು ಅಲ್ಲೇ ಬಿಟ್ಟು ಊರವರಿಗೆ ಹೇಳಲು ಹೋದಳು. ಎಷ್ಟು ಗೊತ್ತೋ ಅಷ್ಟು ಹೇಳಿದರೆ ಸಾಕು. ಕಟ್ಟುವ ಕ್ರಮಕ್ಕೆ ಅಪೊಸ್ತಲರ ಕೃತ್ಯಗಳು 26 ನೋಡಿ: ಅರಸ ಅಗ್ರಿಪ್ಪನ ಮುಂದೆ ಅಪೊಸ್ತಲ ಪೌಲನು ತನ್ನ ಹಿಂದಿನ ಬದುಕು, ದಮಸ್ಕದ ದಾರಿಯಲ್ಲಿ ಯೇಸುವನ್ನು ಕಂಡದ್ದು, ಆಮೇಲಿನ ಕೆಲಸ, ಹೀಗೆ ಮೂರು ಭಾಗದಲ್ಲಿ ಮಾತಾಡುತ್ತಾನೆ. ಮೂರು ನಿಮಿಷಕ್ಕೆ ಬರೆದು, ಗಡಿಯಾರ ಇಟ್ಟು ಓದಿ. ಕೆಡುವುದು ಅಳತೆಯಲ್ಲಿ: ಹಳೆಯ ಪಾಪಕ್ಕೆ ಎರಡೂವರೆ ನಿಮಿಷ, ಯೇಸುವಿಗೆ ಇಪ್ಪತ್ತು ಸೆಕೆಂಡು. 'ರಕ್ತದಿಂದ ತೊಳೆಯಲ್ಪಟ್ಟೆ', 'ಭಾರ ಬಂತು' ಮುಂತಾದವು ಸಭೆಯೊಳಗಿನ ಮಾತು. ಹೊರಗಿನವರಿಗೆ ಬಿಡಿಸಿ ಹೇಳಬೇಕು. ಹೆಂಡತಿಯ, ಗಂಡನ, ತಂದೆತಾಯಿಯ ಗುಟ್ಟು ಅವರ ಒಪ್ಪಿಗೆಯಿಲ್ಲದೆ ಬೇಡ. 'ಅಂದಿನಿಂದ ಒಂದು ಕಷ್ಟವೂ ಬಂದಿಲ್ಲ' ಎಂದರೆ ಅದು ಸುಳ್ಳುಸಾಕ್ಷಿ.

ಮಾರ್ಕ 5ರಲ್ಲಿ ದೆವ್ವ ಬಿಟ್ಟವನು ಜೊತೆಗೇ ಬರುತ್ತೇನೆಂದರೂ ಯೇಸು ಅವನನ್ನು ಮನೆಯವರ ಬಳಿಗೆ ಕಳುಹಿಸಿದನು. ಕಷ್ಟದ ಜಾಗ ಅದೇ. ಮನೆಯವರಿಗೆ ಹಳೆಯ ಸಿಟ್ಟು ನೆನಪಿರುತ್ತದೆ. ಅವರ ಮುಂದೆ ಮೊದಲು ಕ್ಷಮೆ ಕೇಳಬೇಕು, ವಚನ ಆಮೇಲೆ. ದಿನಾ ಬೆಳಿಗ್ಗೆ ಇಡೀ ಬಳಗಕ್ಕೆ ವಚನ ಫಾರ್ವರ್ಡ್ ಮಾಡುವುದು ಸುವಾರ್ತೆ ಸಾರಿದಂತಲ್ಲ, ಹೆಚ್ಚಿನವರು ಅದನ್ನು ಮ್ಯೂಟ್ ಮಾಡಿರುತ್ತಾರೆ. 1 ಪೇತ್ರ 3:15 ಹೇಳುವುದು ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎಂದು, ಅದೂ ಸಾತ್ವಿಕತ್ವದಿಂದ. ಕಾಯಿಲೆ, ಸಾಲ, ಕೆಲಸದ ಆಸೆ ತೋರಿಸಿ ಕರೆಯುವುದು, ಅವರ ದೇವರನ್ನು ಹೀಗಳೆಯುವುದು, ಎರಡೂ ಆ ವಚನಕ್ಕೆ ವಿರುದ್ಧ.

ಇನ್ನಷ್ಟು ತಿಳಿಯಬೇಕು ಎಂದವರಿಗೆ ಮಾರ್ಕನ ಸುವಾರ್ತೆಯ ಬಿಡಿ ಪ್ರತಿ ಕೊಟ್ಟು, ವಾರಕ್ಕೊಂದು ಅಧ್ಯಾಯ ಜೊತೆಗೆ ಕೂತು ಓದಿ. ಯೇಸು ಇಲ್ಲಿ ಏನು ಮಾಡಿದ, ನಿಮಗೆ ಅರ್ಥವಾಗದ್ದು ಯಾವುದು, ಈ ಎರಡೇ ಪ್ರಶ್ನೆ ಸಾಕು. ಉತ್ತರ ತಿಳಿಯದಿದ್ದರೆ ಬರೆದುಕೊಂಡು ಹೋಗಿ ಮುಂದಿನ ವಾರ ಹೇಳಿ. ಹೀಗೆ ಹೋದರೆ ಸುಮಾರು ನಾಲ್ಕು ತಿಂಗಳ ಕೆಲಸ. ನಡುವೆ ಅವರು ಬರುವುದು ಬಿಟ್ಟರೆ ಒಂದು ಸಲ ವಿಚಾರಿಸಿ. ಎರಡನೇ ಸಲ ಹೋಗುವುದಾದರೆ ಪುಸ್ತಕ ಮನೆಯಲ್ಲೇ ಇರಲಿ, ಅವರ ಯೋಗಕ್ಷೇಮ ಕೇಳಿ ಬನ್ನಿ.