ಪಾರಿಜಾತದ ನಾಲ್ಕು ಕ್ಯಾಸೆಟ್: ಇಲ್ಲೀತನಾ ಆದ ಕೆಲಸ

ಹಳೇ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಾಕತ್ತೀನಿ, ಮೂರನೇದರ ಬಿ ಸೈಡ್ ನಿನ್ನೆ ರಾತ್ರಿ ಮುಗೀತು. ಒಳಗಿನ ಸ್ಪಂಜಿನ ಪ್ಯಾಡ್ ಉದುರಿ ಬಿದ್ದಿತ್ತು, ಅದಿಲ್ಲಂದ್ರ ಟೇಪು ಹೆಡ್ಡಿಗೆ ಒತ್ತೂದಿಲ್ಲ, ದನಿ ಒಮ್ಮೆ ಬರ್ತೈತಿ ಒಮ್ಮೆ ಹೋಗ್ತೈತಿ, ಅದಕ್ಕ ಸ್ಕ್ರೂ ಇರೋ ಬ್ಯಾರೆ ಕ್ಯಾಸೆಟ್ ಬಿಚ್ಚಿ ಅದರೊಳಗ ಈ ಟೇಪಿನ ಎರಡೂ ಗಾಲಿ ಕೂಡಿಸಿ ಮುಚ್ಚಿದೆ. ಆಮ್ಯಾಲ ಡೆಕ್ಕಿನ ಹೆಡ್ ಮಗ್ಗಲ ಸಣ್ಣ ಸ್ಕ್ರೂ ಕೂದಲೆಳಿಯಷ್ಟು ತಿರುವಿದೆ, ಅಲ್ಲೀತನಾ ಮಬ್ಬಾಗಿದ್ದ ತಾಳ ಖಣ್ ಅಂತ ಬಂತು ನೋಡ್ರಿ.

ಇದು 1987ರಾಗ ನಮ್ಮ ಬಾಗಲಕೋಟಿ ಕಡೆ ಒಂದು ಸಣ್ಣ ಕಂಪನಿ ತಂದ ಶ್ರೀಕೃಷ್ಣ ಪಾರಿಜಾತದ (ನಮ್ಮ ಉತ್ತರ ಕರ್ನಾಟಕದ ಜಾನಪದ ಆಟ) ನಾಲ್ಕು ಕ್ಯಾಸೆಟ್ಟಿನ ಸೆಟ್, ಒಂದೊಂದು 60 ನಿಮಿಷದ್ದು. ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಆಟ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಆಟ, ಅದರ ಇಷ್ಟು ಉದ್ದದ ರೆಕಾರ್ಡಿಂಗ್ ನಮ್ಮ ಮನ್ಯಾಗ ಇದೊಂದೇ ಇತ್ತು. ಮಾಸ್ಟರ್ ಟೇಪ್, ಅಂದ್ರ ಕಾಪಿ ತಗಿಯೋ ಮೂಲ ಟೇಪ್, ಉಳಿದಿಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರು ಬಿಟ್ಟು ನವನಗರಕ್ಕ ಸಾಮಾನು ಸಾಗಿಸೋ ಮುಂದ ಕಳದುಹೋದ್ವು ಅಂತ ಕಂಪನಿ ಮಾಲಕರ ಮಗ ಹೇಳಿದ್ರು. ಹಿಂಗಾಗಿ ಜಾತ್ರ್ಯಾಗ ಮಾರಿದ ಕಾಪಿಗಳೇ ಈಗ ಮಾಸ್ಟರ್.

ಹೋದ ತಿಂಗಳ ಒಂದು ತಪ್ಪು ಮಾಡಿದ್ದೆ. ಟೇಪಿನ ಸುಯ್ ಅನ್ನೋ ಸಪ್ಪಳ ತಗೀಲಿಕ್ಕೆ ಸಾಫ್ಟ್‌ವೇರ್ ಹಚ್ಚಿದೆ, ಅದು ಗೆಜ್ಜಿ ಸಪ್ಪಳಾನೂ ತಿಂದುಬಿಡ್ತು, ದೂತಿ (ಆಟದಾಗ ಸುದ್ದಿ ಒಯ್ಯೋ ಪಾತ್ರ) ಬರೋದೇ ಗೊತ್ತಾಗಲಿಲ್ಲ. ಎಲ್ಲಾ ಅಳಿಸಿ ಮೊದಲಿಂದ ಮಾಡೀನಿ, ಈಗ ಮೋಟಾರಿನ ಗುಂಯ್ ಅನ್ನೋದಷ್ಟ ತಗದೀನಿ.

ಇನ್ನ ಹೊರಗ ತರೋದು ಹೆಂಗ? ನಮ್ಮ ಕಾಯ್ದೆ ಪ್ರಕಾರ ರೆಕಾರ್ಡಿಂಗ್ ಹಕ್ಕು ಪ್ರಕಟ ಆದ ಮುಂದಿನ ವರ್ಷದಿಂದ 60 ವರ್ಷ, ಅಂದ್ರ ಇದರದ್ದು 2047ರ ಕಡೀತನಾ ಕಂಪನಿ ಕಡೇನ ಇರ್ತೈತಿ. ಮಾಲಕರ ಮಗನ ಕಡೆ ಬಾಂಡ್ ಪೇಪರ್ ಮ್ಯಾಲ ಒಪ್ಪಿಗಿ ಬರಿಸಿಕೊಂಡೀನಿ, ಬಾಯಿಮಾತಿನ ಮ್ಯಾಲ ಮಾಡೋ ಕೆಲಸ ಅಲ್ಲ ಇದು.

ಎಲ್‌ಪಿ, ಅಂದ್ರ ದೊಡ್ಡ ಗ್ರಾಮಫೋನ್ ತಟ್ಟಿ, ಮಾಡಿಸು ಅಂತ ಗೆಳ್ಯಾರು ಭಾಳ ಗಂಟುಬಿದ್ರು. ಒಂದು ಮಗ್ಗಲಿಗೆ ಛಲೋ ದನಿ ಬೇಕಂದ್ರ 20 ನಿಮಿಷ, ನಾಲ್ಕು ತಾಸಿಗೆ 12 ಮಗ್ಗಲು, ಅಂದ್ರ 6 ತಟ್ಟಿ, ಮತ್ತ ಪ್ರತಿ ಮಗ್ಗಲಿಗೂ ಬ್ಯಾರೆ ಅಚ್ಚು ಕಡಿಸಬೇಕು. 50 ಒತ್ತಿಸಿದ್ರೂ ಅಚ್ಚಿನ ಖರ್ಚು ಅಷ್ಟ, 500 ಒತ್ತಿಸಿದ್ರೂ ಅಷ್ಟ. ಕ್ಯಾಸೆಟ್ಟಿಗೆ ಅಂಥ ಅಚ್ಚು ಬೇಕಾಗಿರಲಿಲ್ಲ, ಆ ಕಾಲದಾಗ ಸಣ್ಣ ಕಂಪನಿಗಳು ಉಳಿದದ್ದೇ ಇದಕ್ಕ ನೋಡ್ರಿ, ಈ ವಾರ 50 ಕಾಪಿ ಮಾಡಿ ಬನಶಂಕರಿ ಜಾತ್ರ್ಯಾಗ ಮಾರಿ, ಆ ರೊಕ್ಕದಾಗ ಖಾಲಿ ಟೇಪ್ ತಂದು ಮತ್ತ 50 ಮಾಡ್ತಿದ್ರು. ಆದ್ರ ಮೇಳದವರಿಗೆ ಒಮ್ಮೆ ಕೈಯಾಗ ಕೊಟ್ಟದ್ದೇ ಕಡಿ, ಎಷ್ಟು ಸಾವಿರ ಮಾರಿದ್ರೂ ಮತ್ತ ಒಂದ್ರೂಪಾಯಿ ಬರಲಿಲ್ಲ. ಅದು ನನಗ ಇನ್ನೂ ಸಂಕಟ.

ಸ್ಟ್ರೀಮಿಂಗ್ ಹಾಕಿದ್ರ ಅಚ್ಚಿನ ಖರ್ಚು ಇಲ್ಲ ಅಂತಾರ, ಖರೇ. ಆದ್ರ ಸ್ಪಾಟಿಫೈದಾಗ 2024ರಿಂದ ಒಂದು ಟ್ರ್ಯಾಕ್ ಹಿಂದಿನ 12 ತಿಂಗಳದಾಗ 1000 ಸಲ ಕೇಳಿಸಿಕೊಂಡಿರದಿದ್ರ ಅದಕ್ಕ ರೊಕ್ಕಾನ ಇಲ್ಲ. 30 ಸೆಕೆಂಡ್ ಕೇಳಿದ್ರ ಒಂದು ಸಲ ಅಂತ ಲೆಕ್ಕ, 30 ನಿಮಿಷ ಪೂರ್ತಿ ಕೇಳಿದ್ರೂ ಅದು ಒಂದೇ ಸಲ. ಭಾಗವತ ದೂತಿ ಇಬ್ಬರೂ ಮಾತಿಗೆ ಮಾತು ಹಚ್ಚಿ ಅರ್ಧ ತಾಸು ನಡಸೋದನ್ನ ಮೂರು ಮೂರು ನಿಮಿಷದ ತುಣುಕು ಮಾಡಿದ್ರ ಲೆಕ್ಕಕ್ಕ ಅನುಕೂಲ, ಆಟ ಸಾಯ್ತೈತಿ. ನಾ ಕತ್ತರಿಸೂದಿಲ್ಲ.

ಹಿಂಗಾಗಿ ಸದ್ಯಕ್ಕ 100 ಪೆನ್‌ಡ್ರೈವ್, ಜೊತಿಗೆ 24 ಪುಟದ ಪುಸ್ತಕ. ಒಂದಕ್ಕ 320 ರೂಪಾಯಿ ಬೀಳ್ತೈತಿ, ಬೆಲೆ 500 ಇಡ್ತೀನಿ. ಉಳಿದ 180ರಾಗ 120 ಮೇಳದವರಿಗೆ, 60 ಮಾಲಕರಿಗೆ. ಮೊದಲನೇ ವಾರದಾಗ ಯಾರೋ ಮೊಬೈಲ್ ಅಂಗಡ್ಯಾಗ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡೇ ತುಂಬಿಸಿಕೊಳ್ತಾರ, ಅದನ್ನ ತಡಿಯೋಕ ಆಗೂದಿಲ್ಲ. ಪುಸ್ತಕ ಮಾತ್ರ ಕಾರ್ಡಿನ್ಯಾಗ ಹೋಗೂದಿಲ್ಲ, ನನ್ನ ಜೀವ ಇರೋದೂ ಅದರಾಗ. ಹಳೇ ಕ್ಯಾಸೆಟ್ ಕವರಿನ ಮ್ಯಾಲ ಭಾಗವತರ ಹೆಸರು, ಅದರ ಕೆಳಗ "ಮತ್ತು ಸಂಗಡಿಗರು", ಅಷ್ಟ. ಆ ಸಂಗಡಿಗರು ಏಳು ಮಂದಿ, ಅವರ ಹೆಸರೆಲ್ಲಾ ಈ ಪುಸ್ತಕದಾಗ ಬರಬೇಕು, ಐದು ಮಂದಿ ಯಾರು ಅಂತ ಗೊತ್ತಾಗೇತಿ.

ದೂತಿ ಪಾತ್ರ ಮಾಡಿದ ಯಕ್ಕ ಲೋಕಾಪುರ ಕಡೆ ಒಂದು ಹಳ್ಯಾಗ ಅದಾರ. ಮೊನ್ನೆ ಐತವಾರ ಹೋಗಿ ಫೋನಿನ್ಯಾಗ ಎರಡನೇ ಕ್ಯಾಸೆಟ್ ಹಚ್ಚಿದೆ. ಭಾಳೊತ್ತು ಏನೂ ಮಾತಾಡಲಿಲ್ಲ, ಕೈಬೆರಳು ಮಾತ್ರ ತೊಡಿ ಮ್ಯಾಲ ತಾಳ ಹಾಕ್ತಿದ್ವು. ನಡುವ ಒಂದು ಕೆಮ್ಮು ಬರ್ತೈತಿ, ನಾ ಅದನ್ನ ತಗೀಬೇಕಂತ ಗುರ್ತು ಮಾಡಿ ಇಟ್ಟಿದ್ದೆ. "ಅದು ನಮ್ಮ ಪೇಟಿ ಮಾಸ್ತರರ ಕೆಮ್ಮು ರೀ ತಮ್ಮಾ, ಅವರು ಈಗ ಇಲ್ಲ, ಅದನ್ನ ಹಂಗ ಬಿಡ್ರಿ" ಅಂದ್ರು. ಬಿಟ್ಟೀನಿ. ಹಾರ್ಮೋನಿಯಂ ಬಾರಿಸ್ತಿದ್ದ ಆ ಪೇಟಿ ಮಾಸ್ತರರ ಹೆಸರೂ ಯಕ್ಕನೇ ಹೇಳಿದ್ರು, ಅಲ್ಲಿಗೆ ಆರು ಮಂದಿ ಆದ್ರು.

ಉಳಿದದ್ದು ನಾಲ್ಕನೇ ಕ್ಯಾಸೆಟ್, ಮತ್ತ ತಬಲಾದವರು ಯಾರು ಅನ್ನೋದು. ಮುಧೋಳದಾಗ ಒಬ್ಬರಿಗೆ ಗೊತ್ತೈತಂತ, ಬರೋ ಐತವಾರ ಹೋಗ್ತೀನಿ.