ರಿಪೋರ್ಟೆಲ್ಲ ನಾರ್ಮಲ್, ಚಿಕ್ಕಮ್ಮ ಮಾತ್ರ ಅಲ್ಲ

ನಮ್ಮ ಕಡೆ ಯಾರೂ ಬಂದು ನಂಗೆ ಡಿಪ್ರೆಶನ್ ಅಂತ ಹೇಳಲ್ಲ. ತಲೆ ಭಾರ, ಮೈಕೈ ನೋವು, ಎದೆಯುರಿ, ಸುಸ್ತು ಅಂತಾರೆ. ನಮ್ಮ ಚಿಕ್ಕಮ್ಮಂದೂ ಹಂಗೇ, ಗ್ಯಾಸ್ಟ್ರಿಕ್ ಅಂತ ಎಂಡೋಸ್ಕೋಪಿ ಆಯ್ತು, ಸುಸ್ತು ಅಂತ ಡ್ರಿಪ್ಸ್ ಹಾಕ್ಸಿದ್ದಾಯ್ತು, ದೃಷ್ಟಿ ಅಂತ ತಾಯತಾನೂ ಕಟ್ಟಿದ್ದಾಯ್ತು, ರಿಪೋರ್ಟೆಲ್ಲ ನಾರ್ಮಲ್ಲು. ನಾರ್ಮಲ್ ಅಂದ್ಮೇಲೆ ಏನೂ ಇಲ್ಲ, ಸುಮ್ನೆ ಕೊರಗ್ತಾಳೆ ಅಂದ್ಬಿಟ್ರು ಮನೇಲಿ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರತ್ತೆ.

ಬೆಳಗಿನ ಜಾವ ಮೂರಕ್ಕೇ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಸಂಜೆ ಹೊತ್ತಿಗೆ ಸ್ವಲ್ಪ ಪರ್ವಾಗಿಲ್ಲ, ಬೆಳಗ್ಗೆ ಹಾಸಿಗೆ ಬಿಟ್ಟು ಏಳೋದೇ ಕಷ್ಟ. ಗೌರಿ ಹಬ್ಬ ಅಂದ್ರೆ ಪ್ರಾಣ ಬಿಡ್ತಿದ್ದೋರು ಆ ವರ್ಷ ಬಾಗಿನಕ್ಕೆ ಮೊರಾನೇ ತರ್ಸ್ಲಿಲ್ಲ, ಕೇಳಿದ್ರೆ "ಯಾಕೋ ಬೇಡ ಅನ್ಸತ್ತೆ ಕಣೇ" ಅಂದ್ರು. ಇಂಥದ್ದು ಎರಡು ವಾರ ದಿನಾ ಹಿಂಗೇ ಇದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು.

ಸೈಕಿಯಾಟ್ರಿಸ್ಟ್ ಮೊದ್ಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದ್ರು, ಥೈರಾಯ್ಡ್ ಕಮ್ಮಿ ಇದ್ರೂ ಮಂಕು ಹಿಂಗೇ ಕವಿಯತ್ತೆ. ಆಮೇಲೆ ನೇರವಾಗಿ "ಬದುಕಿರೋದೇ ಬೇಡ ಅನ್ಸತ್ತಾಮ್ಮಾ?" ಅಂತ ಕೇಳಿದ್ರು. ಹಂಗೆ ಕೇಳಿದ್ರೆ ಇಲ್ಲದ ಯೋಚ್ನೆ ತಲೆಗೆ ತುಂಬಿದಂಗಾಗತ್ತೆ ಅಂತ ತುಂಬ ಜನಕ್ಕೆ ಭಯ, ಹಂಗೇನೂ ಆಗಲ್ಲ, ಒಳಗೆ ಇಟ್ಕೊಂಡಿರೋದನ್ನ ಹೇಳ್ಕೊಳಕ್ಕೆ ದಾರಿ ಆಗತ್ತೆ. ಚಿಕ್ಕಮ್ಮ ಹೂಂ ಅಂದು ತುಂಬ ಹೊತ್ತು ಅತ್ರು.

ಡಿಪ್ರೆಶನ್ ಮಾತ್ರೆ ವಿಷ್ಯ ಹೇಳ್ಲೇಬೇಕು. ಅದು ಕೆಲ್ಸ ಮಾಡಕ್ಕೆ ಎರಡು ವಾರದಿಂದ ತಿಂಗಳವರೆಗೂ ಹಿಡಿಯತ್ತೆ, ಆದ್ರೆ ವಾಕರಿಕೆ ಮೊದಲ ವಾರವೇ ಬರ್ಬೋದು, ಅದಕ್ಕೇ ಎಷ್ಟೋ ಜನ ಅಲ್ಲಿಗೇ ನಿಲ್ಲಿಸ್ಬಿಡ್ತಾರೆ. ನಿಲ್ಲಿಸ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಚೆನ್ನಾಗಾದ್ಮೇಲೂ ಸಾಮಾನ್ಯವಾಗಿ ಆರು ತಿಂಗಳಾದ್ರೂ ಮುಂದುವರಿಸ್ಬೇಕು, ಕಮ್ಮಿ ಮಾಡೋದೂ ಅವ್ರೇ ಹೇಳಿದಂಗೆ ನಿಧಾನಕ್ಕೆ. ಮಾತ್ರೆ ಜೊತೆ ಕೌನ್ಸೆಲಿಂಗೂ ನಡೀತು, ಚಿಕ್ಕಮ್ಮ ಈಗ ಪೂರ್ತಿ ರಾತ್ರಿ ನಿದ್ದೆ ಮಾಡ್ತಾರೆ.

ಇದಕ್ಕೆಲ್ಲ ಬೆಂಗಳೂರಿನ ನಿಮ್ಹಾನ್ಸಿಗೇ ಹೋಗ್ಬೇಕು ಅಂತೇನಿಲ್ಲ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡ್ತಾರೆ, ನಿಮ್ಮೂರಿಗೆ ಯಾವ ಮಂಗಳವಾರ ಬರ್ತಾರೆ ಅಂತ ಆಸ್ಪತ್ರೇಲಿ ಕೇಳ್ಕೊಳ್ಳಿ. ಅಷ್ಟು ಕಾಯಕ್ಕಾಗಲ್ಲ ಅನ್ಸಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಿಂದ ಇದೆ, ದುಡ್ಡಿಲ್ಲ, ನಡುರಾತ್ರೀಲೂ ಎತ್ತಾರೆ, ಕನ್ನಡದಲ್ಲೇ ಮಾತಾಡ್ಬೋದು. ಕಷ್ಟದಲ್ಲಿರೋರಿಗೆ ಫೋನ್ ಹಿಡಿಯೋ ಶಕ್ತೀನೂ ಇಲ್ದಿದ್ರೆ ಅವ್ರ ಪಕ್ಕ ಕೂತ್ಕೊಂಡು ನೀವೇ ಮಾಡಿ.