ಹೆಪಟೈಟಿಸ್ ಡಿ ನಕ್ಷೆ: ಬಣ್ಣ ಹಾಕುವ ಹಂತ

ಲಿವರ್‌ಗೆ ಬರುವ ವೈರಸ್ ಸೋಂಕು ಹೆಪಟೈಟಿಸ್ ಡಿ ಎಲ್ಲೆಲ್ಲಿ ಎಷ್ಟಿದೆ ಎಂದು ತೋರಿಸುವ ಭೂಪಟವನ್ನು ಕನ್ನಡದಲ್ಲಿ ಮಾಡುವ ಕೆಲಸ ಮುಂದೆ ಸಾಗಿದೆ. ನಕ್ಷೆ ಮಾಡುವ ತಂತ್ರಾಂಶ ಕ್ಯುಜಿಐಎಸ್‌ನಲ್ಲಿ ದೇಶಗಳ ಗಡಿ ಕೂತಿದೆ, ಹೆಸರುಗಳೂ ಕನ್ನಡಕ್ಕೆ ಬಂದಿವೆ. ಇನ್ನು ಬಣ್ಣ ಹಾಕಬೇಕು.

ಇದರಲ್ಲೇ ತಲೆನೋವು ಜಾಸ್ತಿ. ಈ ವೈರಸ್ ಒಂಟಿಯಾಗಿ ಹರಡಲಾರದು. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಅದಕ್ಕೆ ಬೇಕೇ ಬೇಕು. ಹಾಗಾಗಿ ‘ಶೇಕಡಾ ಇಷ್ಟು’ ಎಂದ ಕೂಡಲೇ ‘ಯಾರಲ್ಲಿ?’ ಎಂದು ಕೇಳಬೇಕಾಗುತ್ತದೆ. ಊರಿನ ಎಲ್ಲರಲ್ಲೋ, ಬಿ ಸೋಂಕು ಇರುವವರಲ್ಲೋ, ಲಿವರ್ ಕೆಟ್ಟು ಆಸ್ಪತ್ರೆಗೆ ಬಂದವರಲ್ಲೋ? ಮೂರಕ್ಕೂ ಒಂದೇ ಬಣ್ಣ ಬಳಿದರೆ ನಕ್ಷೆ ಸುಳ್ಳು ಹೇಳುತ್ತದೆ, ಅಲ್ವಾ? ಅದಕ್ಕೆ ಮೂರು ಪದರ ಮಾಡಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಸುಮಾರು 5%. ಅದು ಬಹುಕಾಲದಿಂದ ಬಿ ಸೋಂಕು ಇರುವವರ ಲೆಕ್ಕ. ಮಂಗೋಲಿಯಾದಲ್ಲಿ ಬಿ ಇರುವವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿ ಸೋಂಕಿನ ಗುರುತು ಸಿಕ್ಕಿದೆ. ಲಿವರ್ ಕ್ಯಾನ್ಸರ್ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶವೂ ಅದೇ. ಆ ಜಾಗಕ್ಕೆ ಗಾಢ ಕೆಂಪು ಹಾಕುವಾಗ ಮನಸ್ಸು ಭಾರವಾಯಿತು. ಮಾಲ್ಡೋವಾ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕೆಲವು ದೇಶಗಳಿಗೂ ಕೆಂಪೇ.

ವೈರಸ್ಸಿನ ಬಗೆಗಳಿಗೆ ಇನ್ನೊಂದು ಪದರ ಇದೆ. ಒಟ್ಟು ಎಂಟು ಬಗೆ. 1ನೆಯದು ಎಲ್ಲ ಕಡೆ ಹಬ್ಬಿದೆ, ಭಾರತದಲ್ಲೂ ಹೆಚ್ಚಾಗಿ ಅದೇ. 2 ಮತ್ತು 4 ಜಪಾನ್, ತೈವಾನ್ ಕಡೆ. 5ರಿಂದ 8ರವರೆಗಿನವು ಆಫ್ರಿಕಾ ಮೂಲದವು. 3ನೆಯದು ಅಮೆಜಾನ್ ಸೀಮೆಯದು, ಬಹಳ ಕಠೋರ. ಲಿವರನ್ನು ಬೇಗ ಕೆಡಿಸುವ ಬ್ರೆಜಿಲ್‌ನ ಲಾಬ್ರಿಯಾ ಜ್ವರದ ಹಿಂದೆ ಇದರ ಕೈವಾಡ ಇತ್ತು. ದೇಶದ ಗಡಿ ಹಿಡಿದು ಬಣ್ಣ ಹಾಕಿದರೆ ಇಡೀ ಬ್ರೆಜಿಲ್ ಕೆಂಪಾಗಿಬಿಡುತ್ತದೆ. ಅದಕ್ಕೆ ಅಲ್ಲಿ ನದಿ ಪಾತ್ರವನ್ನೇ ಬೇರೆಯಾಗಿ ಬಿಡಿಸಿದೆ.

ಇಟಲಿಗೆ ಒಂದೇ ಬಣ್ಣ ಸಾಲದು. 1977ರಲ್ಲಿ ಟುರಿನ್‌ನ ಮಾರಿಯೋ ರಿಜೆಟ್ಟೊ ತಂಡ ಡೆಲ್ಟಾ ಗುರುತನ್ನು, ಅಂದರೆ ಈ ಡಿ ವೈರಸ್ಸಿನ ಗುರುತನ್ನು, ಮೊದಲು ಕಂಡಿದ್ದು ಅಲ್ಲೇ. ಬಿ ಇರುವವರಲ್ಲಿ ಡಿ 1987ರಲ್ಲಿ ಸುಮಾರು 23% ಇತ್ತು, 1997ಕ್ಕೆ 8%ರ ಹತ್ತಿರ ಇಳಿಯಿತು. ನಡುವೆ 1991ರಲ್ಲಿ ಬಿ ಲಸಿಕೆ ಕಡ್ಡಾಯವಾಗಿತ್ತು. ಬಿ ತಡೆದರೆ ಡಿಗೂ ದಾರಿ ಇಲ್ಲ. ಸೂಜಿ, ಸಿರಿಂಜಿನ ಬಗ್ಗೆ ಜನ ಎಚ್ಚರವಾದದ್ದೂ ಜೊತೆಗೆ ಸೇರಿತು.

ಪರೀಕ್ಷೆಯೇ ಸರಿಯಾಗಿ ನಡೆಯದ ದೇಶಗಳಿಗೆ ಬೂದು ಬಣ್ಣ. ತಿಳಿ ಹಳದಿ ಹಾಕಿದರೆ ‘ಇಲ್ಲಿ ಕಡಿಮೆ’ ಎಂದು ಓದುವ ಅಪಾಯ ಇದೆ. ಮುಂದಿನ ಕೆಲಸ ಇಟಲಿಗೆ ವರ್ಷದ ಸ್ಲೈಡರ್ ಸೇರಿಸುವುದು. ಜುಲೈ 28ರ ಹೆಪಟೈಟಿಸ್ ದಿನದೊಳಗೆ ಪ್ರಿಂಟ್ ಹಾಕಿಸಬೇಕು.